ಕುರ್ಚಿ ಮೇಡಂ ಮತ್ತು ಬಾಗಿಲ ಕೀಲಿ

ಪ್ರಜಾಪ್ರಭುತ್ವದ ಪಾಠ ಹೇಳಿದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅದು ಹೇಗೆ ಕೈತಪ್ಪಿ ಹೋಗುತ್ತದೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಬೆರಳೆಣಿಕೆಯಷ್ಟು. ಆ ಸಾಲಿನಲ್ಲಿ ಮೊದಲ ಕುರ್ಚಿ, ಈ ತಿಂಗಳು ನಿವೃತ್ತರಾಗುತ್ತಿರುವ ರಾಜ್ಯಶಾಸ್ತ್ರದ ಅಧ್ಯಾಪಕಿಯವರದು. ವಿದ್ಯಾರ್ಥಿಗಳಿಗೆಲ್ಲ ಅವರು ಕುರ್ಚಿ ಮೇಡಂ. ಅವರ ತರಗತಿ ಶುರುವಾಯಿತೆಂದು ಕೆಳ ಅಂತಸ್ತಿನವರಿಗೆ ಗೊತ್ತಾಗುತ್ತಿದ್ದುದೇ ತಲೆಯ ಮೇಲೆ ಕುರ್ಚಿ ಎಳೆದಾಡುವ ಸದ್ದಿನಿಂದ. ಕೆಳಗೆ ಇದ್ದದ್ದು ರಸಾಯನಶಾಸ್ತ್ರದ ಪ್ರಯೋಗಾಲಯ. ಸೂರಿನಿಂದ ಉದುರಿದ ಸುಣ್ಣ ಗಾಜಿನ ಬುರುಡೆಗಳಿಗೆ ಬಿದ್ದು, ಅಲ್ಲಿನ ಮೇಷ್ಟ್ರಿಗೂ ಮೇಡಂಗೂ ಎಣ್ಣೆ ಸೀಗೆಕಾಯಿಯ ಸಂಬಂಧ ಬೆಳೆದದ್ದು ಈ ಕಥೆಗೆ ಬೇಕಾದ ವಿಷಯ, ಆದ್ದರಿಂದ ಮೊದಲೇ ಹೇಳಬೇಕು.

ಸೇವೆಗೆ ಸೇರಿದ ಹೊಸದರಲ್ಲಿ ಮೇಡಂ ಎಲ್ಲರಂತೆ ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದರು. ಬೇರೆ ಬೇರೆ ದೇಶಗಳಲ್ಲಿ ಉಗ್ರ ಪಕ್ಷಗಳು ಮತದ ದಾರಿಯಲ್ಲೇ ಗದ್ದುಗೆಗೆ ಬಂದ ಅಧ್ಯಾಯ ಬಂದಾಗ ಇಡೀ ತರಗತಿ ಆಕಳಿಸುತ್ತಿತ್ತು. ‘ನಾವಾಗಿದ್ದರೆ ಬಿಡುತ್ತಿರಲಿಲ್ಲ’ ಎಂಬ ಭಾವ ಆ ಆಕಳಿಕೆಯಲ್ಲಿತ್ತು. ಒಂದು ದಿನ ಅವರು ಪುಸ್ತಕ ಮುಚ್ಚಿ, ಕುರ್ಚಿಗಳನ್ನು ಮೂರು ಗುಂಪು ಮಾಡಿಸಿದರು. ಎರಡು ದೊಡ್ಡ ಪಕ್ಷಗಳು, ಯಾವುದಕ್ಕೂ ಬಹುಮತವಿಲ್ಲ. ಹಿಂದಿನ ಮೂಲೆಯಲ್ಲಿ ಅರಚಾಡುವ ಒಂದು ಪುಟ್ಟ ಪಕ್ಷ. ಅರ್ಧಕ್ಕಿಂತ ಹೆಚ್ಚು ಕುರ್ಚಿ ಕೂಡಿಸಿದವರದು ಸರ್ಕಾರ. ನಿಯಮ ಅಷ್ಟೇ.

ಎರಡು ದೊಡ್ಡ ಪಕ್ಷಗಳು ಒಂದಾದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ತರಗತಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈದಾಡಿದರು. ಕೊನೆಗೆ ಒಂದು ಪಕ್ಷದ ನಾಯಕಿ ಮೂಲೆಯವರತ್ತ ತಿರುಗಿದಳು.

“ಅವರನ್ನ ಸೇರಿಸ್ಕೊಂಡರೆ ಏನಾಗುತ್ತೆ ಮೇಡಂ? ಹದ್ದುಬಸ್ತಿನಲ್ಲಿ ಇಟ್ಕೋತೀವಿ!”

ಮೂಲೆಯ ಪಕ್ಷದ ಮುಖಂಡ ಚುರುಕು ಹುಡುಗ. “ಪ್ರಧಾನಿ ನೀನೇ ಆಗಮ್ಮ, ಖಜಾನೆನೂ ನೀನೇ ಇಟ್ಕೋ. ನಮಗೆ ಬಾಗಿಲ ಕೀಲಿ ಒಂದು ಕೊಡು ಸಾಕು” ಅಂದ. ತರಗತಿ ನಕ್ಕಿತು. ಮೇಡಂ ಕೂಡ ನಗುತ್ತಲೇ ಕೀಲಿ ಕೊಟ್ಟರು.

ಮರುದಿನ ಅವನು ಬಾಗಿಲಲ್ಲಿ ನಿಂತಿದ್ದ. “ನೀನು ತಡ. ನೀನು ಜೋರಾಗಿ ನಗ್ತೀಯ. ನೀನು ಆ ಕಡೆಯವನು.” ಪ್ರಧಾನಿಯಾದವಳೂ ಮೊಗಸಾಲೆಯಲ್ಲೇ ಉಳಿದಳು. ಮೇಡಂ ಬಂದಾಗ, “ನಿಮ್ಮ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಮೇಡಂ, ಸ್ವಲ್ಪ ನಿಂತಿರಿ” ಎಂದು ಬಾಗಿಲು ಹಾಕಿದ. ಹೊರಗೆ ನಿಂತ ಅವರಿಗೆ ಮೊದಮೊದಲು ತಮಾಷೆ ಎನಿಸಿತು. ಕಿಟಕಿಯಿಂದ ಇಣುಕಿ ನೋಡಿದ ಮೇಲೆ ನಗು ನಿಂತಿತು. ಒಳಗೆ ಅರ್ಧ ತರಗತಿ ಕೂತಿತ್ತು. ಎದ್ದು ಬಾಗಿಲು ತೆರೆಯಲು ಒಬ್ಬರೂ ಮುಂದಾಗಲಿಲ್ಲ. ಅವರಿಗೆ ಕೂರಲು ಜಾಗ ಸಿಕ್ಕಿತ್ತಲ್ಲ.

ಆಟ ಮುಗಿದ ಮೇಲೆ ಎಲ್ಲರೂ ಆ ಹುಡುಗನ ಮೇಲೆ ಮುಗಿಬಿದ್ದರು. ಅವನಿಗೆ ತನ್ನ ಬಗ್ಗೆ ತನಗೇ ಭಯವಾಗಿತ್ತು. ಮೇಡಂ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. “ಅವನನ್ನ ಬೈಬೇಡಿ. ಕೀಲಿ ಕೊಟ್ಟವಳು ನಾನು, ಕೊಡಿ ಅಂದವರು ನೀವು. ಇಂಥವರು ಗೋಡೆ ಹಾರಿ ಬರಲ್ಲ ಕಣ್ರೋ. ಪಕ್ಕದವರ ಮೇಲಿನ ಸಿಟ್ಟಿಗೆ ನಾವೇ ಬಾಗಿಲು ತೆಗೀತೀವಿ” ಎಂದರು. ಆ ಹುಡುಗ ಇಂದು ಹೆಸರುವಾಸಿ ವಕೀಲ. ಹೊರಗೆ ಹಾಕಿಸಿಕೊಂಡವರ ಮೊಕದ್ದಮೆಗಳನ್ನೇ ಹುಡುಕಿ ನಡೆಸುತ್ತಾರೆ.

ಅಂದಿನಿಂದ ಪ್ರತಿ ವರ್ಷ ಈ ಆಟ ನಡೆಯಿತು. ಬುದ್ಧಿವಂತರ ತಂಡ, ತುಂಟರ ತಂಡ, ಹಿಂದಿನ ವರ್ಷದ ಕಥೆಯನ್ನು ಕೇಳಿಸಿಕೊಂಡೇ ಬಂದ ತಂಡ, ಎಲ್ಲರೂ ಅದೇ ಹಳ್ಳಕ್ಕೆ ಬಿದ್ದರು. ಬೀಳುವ ಮುಂಚೆ ಹದ್ದುಬಸ್ತಿನ ಮಾತನ್ನು ಆಡದ ತಂಡವೇ ಇರಲಿಲ್ಲ.

ಆಮೇಲೆ ಆಟ ನಿಜವಾಗುವ ಕಾಲ ಬಂತು. ಬೆಲೆಗಳು ಗಗನಕ್ಕೇರಿದವು, ಸಂಬಳ ತಿಂಗಳುಗಟ್ಟಲೆ ತಡವಾಯಿತು, ಒಂದು ಸರ್ಕಾರ ಬಿದ್ದು ಇನ್ನೊಂದು ಏಳುವಷ್ಟರಲ್ಲಿ ಅದೂ ಬೀಳುತ್ತಿತ್ತು. ಬೇಸತ್ತ ಜನರ ನಡುವೆ, ಎಲ್ಲ ಕಷ್ಟಕ್ಕೂ ಹೊರಗಿನಿಂದ ಬಂದವರೇ ಕಾರಣವೆನ್ನುವ ಪಕ್ಷವೊಂದು ಬೀದಿ ಬೀದಿಯಲ್ಲಿ ಡೋಲು ಬಡಿಯುತ್ತ ಬೆಳೆಯಿತು. ಅದರ ಒಂದು ಕುಡಿ ಅಧ್ಯಾಪಕರ ಸಂಘದಲ್ಲೂ ಚಿಗುರಿ, ತನ್ನನ್ನು ‘ಅಪ್ಪಟ ಬಣ’ ಎಂದು ಕರೆದುಕೊಂಡಿತು. ಸಂಘದ ಚುನಾವಣೆಯಲ್ಲಿ ಮೇಡಂ ಬಣಕ್ಕೂ ಬಹುಮತ ಬರಲಿಲ್ಲ, ರಸಾಯನಶಾಸ್ತ್ರದ ಮೇಷ್ಟ್ರ ಬಣಕ್ಕೂ ಬರಲಿಲ್ಲ. ಅಪ್ಪಟ ಬಣದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಗೆದ್ದಿದ್ದರು.

ಅದರ ಮುಖಂಡ ವ್ಯಾಯಾಮ ಶಿಕ್ಷಕ, ಬಹಳ ವಿನಯವಂತ. “ಅಧ್ಯಕ್ಷರು ನೀವೇ ಆಗ್ಬೇಕು ಮೇಡಂ, ನಮ್ಮ ಆಸೆ ಅದು. ಸದಸ್ಯತ್ವದ ಕೆಲಸ ಒಂದು ನಮಗೆ ಬಿಡಿ ಸಾಕು” ಎಂದು ಕೈಮುಗಿದರು. ಸಂಘದಲ್ಲಿ ಯಾರಿರಬೇಕು, ಯಾರಿರಬಾರದು ಎಂದು ನಿರ್ಧರಿಸುವ ಕೆಲಸ ಅದು. ಸಂಘದ ಆಸರೆ ಇಲ್ಲದವರನ್ನು ಆಡಳಿತ ಮಂಡಳಿ ಮನೆಗೆ ಕಳಿಸಿದರೆ ಕೇಳುವವರೇ ಇರಲಿಲ್ಲ.

ಅಧ್ಯಕ್ಷರಾಗಬೇಕೆಂಬುದು ಮೇಡಂ ಅವರ ಬಹುಕಾಲದ ಆಸೆ. ಎದುರಾಳಿ ಮೇಷ್ಟ್ರು ಬೇರೆ, ರಾಜ್ಯಶಾಸ್ತ್ರವೆಂದರೆ ‘ಪೇಪರ್ ಓದೋಕೆ ಸಂಬಳ ತಗೊಳ್ಳೋ ವಿಭಾಗ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ. ಸಿಬ್ಬಂದಿ ಕೋಣೆಯಲ್ಲಿ ತಮ್ಮವರನ್ನೆಲ್ಲ ಕೂರಿಸಿಕೊಂಡು ಅವರು ಉತ್ಸಾಹದಿಂದ ಅಂದರು: “ಒಪ್ಪಿಬಿಡೋಣ. ಅವರೆಷ್ಟು ಜನ ಇದ್ದಾರೆ? ಹದ್ದುಬಸ್ತಿನಲ್ಲಿ ಇಟ್ಕೋತೀವಿ.”

ಎಲ್ಲರೂ ತಲೆದೂಗಿದರು. ಕಾಲೇಜಿನ ಗ್ರಂಥಪಾಲಕಿ ಮಾತ್ರ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬಾಗಿಲ ಆಚೆ ಹಾಕಿಕೊಂಡು ಕೂತರು. ಗಡಿಯಾಚೆಯಿಂದ ಬಂದು ನೆಲೆಸಿದ ಕುಟುಂಬ ಅವರದು. ಮೇಡಂ ಅವರನ್ನು ಒಡಹುಟ್ಟಿದ ತಂಗಿಯಂತೆ ನೋಡಿಕೊಂಡಿದ್ದರು.

“ಏನೇ ಇದು, ಹೊರಗ್ಯಾಕೆ ಕೂತೆ?”

“ಮುಂದೆ ಇಲ್ಲೇ ಕೂರಬೇಕಲ್ಲ ಅಕ್ಕ. ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ.”

ಮೇಡಂ ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಎದ್ದರು. ವರ್ಷ ವರ್ಷವೂ ಮಕ್ಕಳ ಬಾಯಲ್ಲಿ ಕೇಳಿ ಒಳಗೊಳಗೇ ಮರುಗಿದ ಮಾತು ಈಗ ತಮ್ಮದೇ ಬಾಯಿಂದ ಬಂದಿತ್ತು. ನೇರವಾಗಿ ಮೆಟ್ಟಿಲಿಳಿದು, ಎಂದೂ ಕಾಲಿಡದ ಪ್ರಯೋಗಾಲಯಕ್ಕೆ ಹೋದರು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ಏನು, ಇನ್ನೊಂದಿಷ್ಟು ಸುಣ್ಣ ಉದುರಿಸೋಕೆ ಬಂದ್ರಾ?”

“ಅಧ್ಯಕ್ಷರು ನೀವಾಗಿ. ನಮ್ಮವರ ವೋಟು ನಿಮಗೆ. ಸದಸ್ಯತ್ವದ ಕೆಲಸ ಮಾತ್ರ ಆ ಅಪ್ಪಟ ಬಣದವರ ಕೈಗೆ ಹೋಗಬಾರದು.”

ಮೇಷ್ಟ್ರು ಕೈಲಿದ್ದ ಗಾಜಿನ ಬುರುಡೆಯನ್ನು ಒರೆಸತೊಡಗಿದರು. “ಬೆಳಿಗ್ಗೆ ಆ ವ್ಯಾಯಾಮದವನು ನನ್ನ ಹತ್ತಿರಾನೂ ಬಂದಿದ್ದ. ಅಧ್ಯಕ್ಷರು ನೀವೇ ಆಗ್ಬೇಕು, ನಮ್ಮ ಆಸೆ ಅದು ಅಂದ.”

“ಕೈಮುಗಿದನಾ?”

“ಮುಗಿದ. ನಾನು ಹೂಂ ಅಂದುಬಿಟ್ಟಿದ್ದೆ.” ಬುರುಡೆಯನ್ನು ಕೆಳಗಿಟ್ಟು ಕೇಳಿದರು: “ಇದರಲ್ಲಿ ನಿಮಗೇನ್ರೀ ಲಾಭ?”

“ಲಾಭ ಎಲ್ಲಿ ಬಂತು? ಮೂರು ವರ್ಷ ನಿಮ್ಮ ಭಾಷಣ ಕೇಳಬೇಕು.”

“ನಿಮ್ಮ ಮುಖ ಕಂಡರೆ ನನಗೆ ಈಗಲೂ ಆಗಲ್ಲ.”

“ನೋಡಬೇಡಿ. ಕೈ ಎತ್ತಿ ಸಾಕು.”

ಸಭೆಯಲ್ಲಿ ಎರಡೂ ಬಣಗಳ ಕೈಗಳು ಒಟ್ಟಿಗೆ ಮೇಲೆದ್ದವು. ಮೇಡಂ ಅವರನ್ನು ದ್ರೋಹಿ ಎಂದವರು ಅವರದೇ ಬಣದಲ್ಲಿದ್ದರು. ಅಧ್ಯಕ್ಷ ಪದವಿ ಮತ್ತೆ ಅವರ ಬಳಿ ಸುಳಿಯಲಿಲ್ಲ. ಪಕ್ಕದ ಊರಿನ ಕಾಲೇಜಿನ ಹಿರಿಯರು ಅದೇ ವಿನಯಕ್ಕೆ ಒಲಿದು ಸದಸ್ಯತ್ವದ ಕೆಲಸವನ್ನು ಬಿಟ್ಟುಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಅಲ್ಲಿನ ಅಧ್ಯಕ್ಷರು ತಮ್ಮದೇ ಸಂಘದ ಕಚೇರಿಗೆ ಹೋಗಲು ಅಪ್ಪಣೆ ಕೇಳಬೇಕಾಯಿತು. ಇಲ್ಲಿ ಒಬ್ಬರೂ ಹೊರಗೆ ಬೀಳಲಿಲ್ಲ. ಹಾಗೆ ಯಾರೂ ಬೀಳದೆ ಹೋದದ್ದರಿಂದಲೇ, ನಡೆದದ್ದು ಎಷ್ಟು ದೊಡ್ಡದೆಂದು ತಿಳಿಯಲು ನಮಗೆಲ್ಲ ಇಷ್ಟು ವರ್ಷ ಬೇಕಾಯಿತು.

ಮುಂದಿನ ವರ್ಷದಿಂದ ಆಟ ಮುಗಿದ ಮೇಲೆ ಮೇಡಂ ಇನ್ನೊಂದು ಪಾಠ ಸೇರಿಸಿದರು. ಸೋತು ಕೂತ ಮಕ್ಕಳಿಗೆ, “ನಾನೂ ಹೀಗೇ ಅಂದಿದ್ದೆ” ಎಂದು ಗ್ರಂಥಪಾಲಕಿಯ ಕುರ್ಚಿಯ ಕಥೆ ಹೇಳುತ್ತಿದ್ದರು. ತಾವು ಎಡವಿದ ಜಾಗವನ್ನೇ ಮಕ್ಕಳಿಗೆ ಕೈಮರ ಮಾಡಿದ ಗುರುಗಳನ್ನು ಕಂಡರೆ ತಲೆ ತಾನಾಗಿ ಬಾಗುತ್ತದೆ.

ಮೊನ್ನೆ ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿ ತುಳುಕುತ್ತಿತ್ತು. ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸುತ್ತ ಮೇಡಂ ಒಳಗೆ ಬರುವ ಹೊತ್ತಿಗೆ ವೇದಿಕೆಯಲ್ಲೂ ಜಾಗವಿರಲಿಲ್ಲ. ನಿವೃತ್ತರಾಗಿ ಕೋಲೂರಿಕೊಂಡು ಬಂದಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಎದ್ದು, ತಮ್ಮ ಕುರ್ಚಿಯನ್ನು ಸದ್ದು ಮಾಡುತ್ತ ಎಳೆದು ಅವರ ಮುಂದಿಟ್ಟರು. “ಕೂತ್ಕೊಳ್ಳಿ. ಮುಖ ನೋಡಲ್ಲ.” ಅಷ್ಟರಲ್ಲಿ ಗ್ರಂಥಪಾಲಕಿ ಹಿಂದಿನಿಂದ ಇನ್ನೊಂದು ಕುರ್ಚಿ ಹೊತ್ತು ತಂದು ಮೇಷ್ಟ್ರನ್ನೂ ಕೂರಿಸಿದರು.

ಮೇಡಂ ಅವರ ಆರೋಗ್ಯ ಗಟ್ಟಿಯಾಗಿರಲಿ, ದನಿ ಹೀಗೇ ಖಣಖಣ ಎನ್ನುತ್ತಿರಲಿ. ಅವರು ಕಾಣದ ಊರುಗಳ ತರಗತಿಗಳಲ್ಲೂ ಕುರ್ಚಿಗಳು ಸದ್ದು ಮಾಡಲಿ, ಕೆಳಗಿನವರ ತಲೆಯ ಮೇಲೆ ಸುಣ್ಣ ಉದುರಲಿ, ಸಿಟ್ಟಾದ ಆ ಕೆಳಗಿನವರು ಜಗಳಕ್ಕಾದರೂ ಮೆಟ್ಟಿಲು ಹತ್ತಿ ಬರಲಿ. ಬಂದವರಿಗೆ ಬಾಗಿಲು ತೆರೆದಿರಲಿ, ಕೂರಲು ಒಂದು ಕುರ್ಚಿಯೂ ಇರಲಿ.