ರುದ್ರಪ್ಪನವರು ಕೂಗುತ್ತಿದ್ದ ಗಾಡಿ

ಹೊಳಲ್ಕೆರೆ ಬಸ್ ನಿಲ್ದಾಣದ ಕಂಟ್ರೋಲರ್ ರುದ್ರಪ್ಪನವರು ಬಸ್ಸನ್ನು ಊರಿನ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿಲ್ಲ. ಡ್ರೈವರ್ ಹೆಸರು ಹಿಡಿದೇ ಕೂಗುತ್ತಿದ್ದರು. "ಓಬಣ್ಣನ ಗಾಡಿ ಬಂದೈತೆ, ಹತ್ರಿ." ಓಬಣ್ಣ ಎಂದರೆ ಚಿತ್ರದುರ್ಗ, ಮಂಜಣ್ಣ ಎಂದರೆ ಹೊಸದುರ್ಗ. ಹೊಸಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ದಿನಾ ಓಡಾಡುವ ನಾವು ಮಾತ್ರ ಬೋರ್ಡ್ ನೋಡುವುದನ್ನೇ ಬಿಟ್ಟಿದ್ದೆವು. ಮಕ್ಕಳಿಗೆ ಓದು ಕಲಿಸುವ ಮೇಷ್ಟ್ರಾದ ನನ್ನದೂ ಅದೇ ಕತೆ.

ಆ ಮಳೆಗಾಲ ಬಸ್ಸಿನವರಿಗೆ ಜ್ವರ ಹತ್ತಿಕೊಂಡಿತು. ಡ್ರೈವರುಗಳು, ಕಂಡಕ್ಟರುಗಳು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಬೆಳಿಗ್ಗೆ ಚಿತ್ರದುರ್ಗಕ್ಕೆ ಉಳಿದದ್ದು ಒಂದೇ ಬಸ್ಸು. ಜನ ರುದ್ರಪ್ಪನವರ ಮೇಲೆ ಮುಗಿಬಿದ್ದರು.

"ಜ್ವರ ಏನು ಖಾಕಿ ಅಂಗಿ ನೋಡಿ ಹೆದರ್ತೈತೇನ್ರಪ್ಪ? ಅವ್ರೂ ಮನುಷ್ಯರೇ," ಎನ್ನುತ್ತಿದ್ದರು ರುದ್ರಪ್ಪನವರು. ಬೈದವರನ್ನೇ ಕೂರಿಸಿ ನೀರು ಕೊಡುತ್ತಿದ್ದರು. "ಅವ್ರ ಕೆಲ್ಸ ಕೆಟ್ಟೈತೆ ಮೇಷ್ಟ್ರೆ, ಬೈಲಿ ಬಿಡ್ರಿ."

ಅವರ ಚಿಂತೆಯೆಲ್ಲ ಗಂಗಮ್ಮನದು. ವಾರಕ್ಕೆರಡು ಸಲ ದುರ್ಗದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಲೇಬೇಕಾದ ಒಂಟಿ ಹೆಂಗಸು, ಅಕ್ಷರ ಬಾರದವಳು. ಬೇರೆ ಡಿಪೋದಿಂದ ಹೊಸ ಡ್ರೈವರ್ ಬಂದ ದಿನ ಆಕೆ ಬೆಂಚು ಬಿಟ್ಟು ಏಳಲೇ ಇಲ್ಲ.

"ಇದು ಓಬಣ್ಣನ ಗಾಡಿ ಅಲ್ಲ ಕಣಣ್ಣ."

"ಓಬಣ್ಣ ಮಲಗವ್ನೆ ತಾಯಿ. ಇವತ್ತಿಗೆ ಇವನೇ ಓಬಣ್ಣ, ಏಳು," ಎಂದು ರುದ್ರಪ್ಪನವರು ಕೈಹಿಡಿದು ಹತ್ತಿಸಿದರು. ಹೊಸ ಡ್ರೈವರ್ ಕೂಡ ನಕ್ಕ.

ಮುಂದಿನ ಶನಿವಾರ ರುದ್ರಪ್ಪನವರೇ ಮಲಗಿದರು. ಅವರ ಕುರ್ಚಿಗೆ ಕಳಿಸಲು ಯಾರೂ ಉಳಿದಿರಲಿಲ್ಲ. ಯಾವುದೋ ಬಸ್ಸು ಬಂದು ನಿಂತಿತು. ಕೂಗುವವರಿಲ್ಲ. ನಾನು ನನ್ನ ಶಾಲೆ ಕಡೆಯ ಬಸ್ಸಿಗೆ, ಗಂಗಮ್ಮ ಓಬಣ್ಣನಿಗೆ ಕಾಯುತ್ತ ಕುಳಿತೇ ಇದ್ದೆವು. ಅಷ್ಟರಲ್ಲಿ ನನಗೆ ಫೋನ್ ಬಂತು.

"ಮೇಷ್ಟ್ರೆ, ಗಂಗಮ್ಮ ಹತ್ತಿದ್ಳಾ?" ರುದ್ರಪ್ಪನವರ ನರಳುವ ದನಿ.

ಆಗ ಬೋರ್ಡ್ ನೋಡಿದೆ, ಚಿತ್ರದುರ್ಗ. ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು ಆಕೆಯನ್ನು ಹತ್ತಿಸಿದೆ.

ಶಾಲೆ ಬಿಟ್ಟೊಡನೆ ರುದ್ರಪ್ಪನವರ ಮನೆಗೆ ಹೋದೆ. ಕಂಬಳಿ ಹೊದ್ದು ನಡುಗುತ್ತಿದ್ದರು. ನಾನು ಹೆಮ್ಮೆಯಿಂದಲೇ ಎಲ್ಲ ಹೇಳಿದೆ.

"ವಾಪಸ್ ಹೆಂಗ್ ಬರ್ತಾಳೆ?" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಅವರು ಮಂಚದಿಂದ ಕಾಲು ಕೆಳಗಿಟ್ಟರು, ನಿಲ್ಲಲಾಗಲಿಲ್ಲ. "ನೀವು ಮಲಗ್ರಿ, ನಾನು ಹೋಗ್ತೀನಿ," ಎಂದೆ.

"ಬಂದ ಮ್ಯಾಲೆ ಒಂದು ಮಾತು ಹೇಳ್ರಿ. ಇಲ್ದಿದ್ರೆ ನಿದ್ದೆ ಬರಂಗಿಲ್ಲ."

ಸಿಕ್ಕ ಲಾರಿ ಹತ್ತಿ ದುರ್ಗಕ್ಕೆ ಹೋದೆ. ಸುಸ್ತಾಗಿದ್ದ ಗಂಗಮ್ಮ ಅಲ್ಲಿನ ನಿಲ್ದಾಣದಲ್ಲಿ, ಹೊಳಲ್ಕೆರೆ ಬಸ್ಸಿನ ಎದುರಿಗೇ, ಓಬಣ್ಣನ ದಾರಿ ಕಾಯುತ್ತಿದ್ದಳು. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆ ಬಂದೆ. ಇಬ್ಬರೂ ನೆಟ್ಟಗೆ ರುದ್ರಪ್ಪನವರ ಮನೆಗೆ ಹೋದೆವು. ಬೀಗ ಹಾಕಿತ್ತು. ಜ್ವರ ಏರಿ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಿದ್ದಾರೆ ಎಂದು ಪಕ್ಕದವರು ಹೇಳಿದರು. ಫೋನ್ ಮಾಡಿದರೆ ಅದು ಬೀಗ ಹಾಕಿದ ಮನೆಯೊಳಗೇ ರಿಂಗಾಯಿತು.

ಅಲ್ಲಿಂದ ಅವರು ಮರಳಲಿಲ್ಲ. ಗಂಗಮ್ಮ ಊರು ಸೇರಿದಳು ಎಂಬ ಒಂದು ಮಾತು ನನ್ನ ಬಾಯಲ್ಲೇ ಉಳಿದುಹೋಯಿತು.