ಅಯ್ಯೋ, ಮತ್ತೆ ಶುರು

ನಮ್ಮ ಅತ್ತಿಗೆಗೆ ಮನೆಯಲ್ಲಿ ‘ರಸೀದಿ’ ಎಂದು ಅಡ್ಡಹೆಸರು. ಏನೇ ಹೇಳಿದರೂ ತಿರುಗಿ ಒಪ್ಪಿಸುತ್ತಿದ್ದಳು. “ಹಾಲು, ಬ್ರೆಡ್ಡು, ಎದುರಿನ ಅಂಗಡಿ ಮುಚ್ಚಿದ್ರೆ ಮೂಲೆ ಅಂಗಡಿ. ಸರಿ ತಾನೆ?” ಆಂಬುಲೆನ್ಸ್ ಕಚೇರಿಯಲ್ಲಿ ಫೋನೆತ್ತುವ ಕೆಲಸದಿಂದ ಅಂಟಿದ ಚಾಳಿ ಅದು. ಅಲ್ಲಿ ವಿಳಾಸ ಕೇಳಿ, ತಿರುಗಿ ಒಪ್ಪಿಸಿ, ಪರದೆಯ ಮೇಲಿನ ಹಸಿರು ಗುಂಡಿ ಒತ್ತಿದರೆ ಹತ್ತಿರದ ಗಾಡಿಯ ಡ್ರೈವರನ ಫೋನಿಗೆ ಸಂದೇಶ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿಗೆ ಎದೆನೋವೆಂದು ಒಬ್ಬಾತ ಕರೆ ಮಾಡಿದ. ಅತ್ತಿಗೆ ವಿಳಾಸ ತಿರುಗಿ ಒಪ್ಪಿಸಿ, “ಗಾಡಿ ಹೊರಟಿದೆ, ಬಾಗಿಲು ತೆಗೆದಿಟ್ಟಿರಿ” ಎಂದಳು. ಗಾಡಿ ಹೊರಟಿರಲಿಲ್ಲ. ಡ್ರೈವರನಿಗೆ ಸಂದೇಶವೇ ಬಂದಿರಲಿಲ್ಲ. ಗಂಡ ಕಾದು ಕಾದು ಎರಡನೇ ಸಲ ಕರೆ ಮಾಡುವ ಹೊತ್ತಿಗೆ ಆಕೆ ಮನೆಯ ಮೆಟ್ಟಿಲ ಮೇಲೆಯೇ ತೀರಿಕೊಂಡಿದ್ದಳು.

ಅತ್ತಿಗೆ ಗುಂಡಿ ಒತ್ತಿದ್ದಳೇ, ಇಲ್ಲವೇ? ಅವಳ ಕೆಲಸ, ಮಾನ ಎರಡೂ ಇದರ ಮೇಲೆ ನಿಂತವು. ಅಣ್ಣನಿಗೆ ರಜೆ ಸಿಗದೆ ವಿಚಾರಣೆಗೆ ಜೊತೆಯಲ್ಲಿ ನಾನು ಹೋದೆ. ಸತ್ತವಳ ಗಂಡ ಎದುರು ಕುರ್ಚಿಯಲ್ಲಿ ಕೂತಿದ್ದ. ಸಾಫ್ಟ್‌ವೇರ್ ಬರೆದ ಹುಡುಗ ಗೋಡೆಯ ಪರದೆಯ ಮೇಲೆ ಲಾಗ್ ತೆರೆದ. ಲಾಗ್ ಎಂದರೆ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಡುವ ದಿನಚರಿಯಂತೆ. ಸದ್ಯ, ಸತ್ಯ ಹೊರಬಂತು ಎಂದುಕೊಂಡೆ.

ಪರದೆಯ ತುಂಬ “ಇಲ್ಲಿಗೆ ಬಂದೆ”, “ಇಲ್ಲಿಗೂ ಬಂದೆ” ಎಂಬ ಸಾಲುಗಳು, ಎಲ್ಲಿಗೆ ಎಂದು ಮಾತ್ರ ಇಲ್ಲ. ನಡುನಡುವೆ ಇನ್ನೊಂದು. ಅದನ್ನು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಗಟ್ಟಿಯಾಗಿ ಓದಿದರು.

“‘ಅಯ್ಯೋ, ಮತ್ತೆ ಶುರು.’ ಏನಿದು?”

“ಸಂದೇಶ ಹೋಗದೇ ಇದ್ರೆ ಹಾಗೆ ಬರುತ್ತೆ ಸರ್. ಪರೀಕ್ಷೆ ಮಾಡೋವಾಗ ತಮಾಷೆಗೆ ಬರೆದಿದ್ದು. ತೆಗೀಬೇಕು ಅಂತಿದ್ವಿ.”

“ಇದು ಯಾವ ಕರೆಯದು?”

“ಗೊತ್ತಾಗಲ್ಲ ಸರ್. ಕರೆ ನಂಬರ್, ಟೈಮ್ ಬರೆಸಿಲ್ಲ. ಯಾರು ಒತ್ತಿದ್ರು, ಎಲ್ಲಿ ಸಿಕ್ಕಿಕೊಂಡಿತು, ಅದೂ ಇಲ್ಲ. ದಿನಾ ನೂರಾರು ಸಲ ಬರುತ್ತಿತ್ತು, ಮರುಕ್ಷಣ ಸಂದೇಶ ತಾನಾಗೇ ಹೋಗ್ತಿತ್ತು, ಅದಕ್ಕೆ ನೋಡೋದೇ ಬಿಟ್ಟಿದ್ವಿ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿಯಿತು. ಸತ್ತವಳ ಗಂಡ ಆ ಸಾಲನ್ನೇ ನೋಡುತ್ತ ಕೂತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಗುಂಡಿ ಒತ್ತಿದ್ದಕ್ಕೆ ಆಧಾರವಿಲ್ಲ ಎಂದು ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಅವಳು ಮನೆಯಲ್ಲೇ ಉಳಿದಳು. ತಿರುಗಿ ಒಪ್ಪಿಸುವುದು ನಿಂತಿತು. ಒಲೆ ಆರಿಸಿ ಬಂದವಳು ಮತ್ತೆ ಹೋಗಿ ಮುಟ್ಟಿ ನೋಡುತ್ತಿದ್ದಳು.

ಕೆಲವು ತಿಂಗಳ ಮೇಲೆ ಆ ಸಾಫ್ಟ್‌ವೇರ್ ಹುಡುಗ ಮನೆಗೇ ಬಂದ. ಲಾಗ್ ಪೂರ್ತಿ ಬದಲಾಯಿಸಿದ್ದನಂತೆ. ಈಗ ಪ್ರತಿ ಸಾಲಿನಲ್ಲೂ ಕರೆಯ ನಂಬರು, ಸಮಯ, ಒತ್ತಿದವರು, ಸಿಕ್ಕಿಕೊಂಡ ಜಾಗ, ಕಾರಣ. ಸಂದೇಶ ನಿಂತರೆ ಗಂಟೆಯೂ ಬಾರಿಸುತ್ತದೆ.

“ಹೋದ ವಾರ ಒಂದು ಸಂದೇಶ ನಿಂತುಹೋಯ್ತು. ತಕ್ಷಣ ತಿಳೀತು, ಬೇರೆ ಗಾಡಿ ಕಳಿಸಿದ್ವಿ. ಆ ಮನುಷ್ಯ ಬದುಕಿದ. ಅಕ್ಕ, ಅವತ್ತೂ ಇದೇ ಆಗಿರಬೇಕು.”

“ಅದನ್ನ ಕಚೇರಿಗೆ ಬರೆದುಕೊಡ್ತೀಯಾ?” ಎಂದೆ.

ಅವನು ತಲೆ ತಗ್ಗಿಸಿದ. “ಅವತ್ತಿನ ಸಾಲಲ್ಲಿ ನಂಬರೇ ಇಲ್ವಲ್ಲ.”

ಕಪಾಳಕ್ಕೆ ಬಿಗಿಯಬೇಕೆನಿಸಿತು. ಅತ್ತಿಗೆ ಅವನ ಮುಂದೆ ನೀರಿನ ಲೋಟ ಇಟ್ಟಳು. “ಅವನ ಮೇಲೆ ಯಾಕೆ ರೇಗ್ತೀಯ? ನಾನು ಒತ್ತಿದ್ನೋ ಇಲ್ವೋ, ಈಗ ನನಗೇ ಗೊತ್ತಿಲ್ಲ.”

ಅವನು ಹೋದ ಮೇಲೆ ಬಾಗಿಲ ಚಿಲಕ ಹಾಕಿ, ಅದರ ಮೇಲಿಂದ ಕೈ ತೆಗೆಯದೆ ನಿಂತಳು.

“ನಾನು ಹಾಕಿದ್ನಾ?”

“ನೀನೇ ಹಾಕಿದೆ ಅತ್ತಿಗೆ. ನಾನು ನೋಡಿದೆ.”

ಅವಳು ಚಿಲಕ ತೆಗೆದು ಮತ್ತೆ ಹಾಕಿದಳು.