ನಾಗಕುಮಾರಯ್ಯನವರ ಎರಡನೇ ಬುತ್ತಿ

ಅದಿರಲಿ, ನಾಗಕುಮಾರಯ್ಯನವರ ಎರಡು ಬುತ್ತಿಯ ವಿಷಯ ಹೇಳಲೇ ಇಲ್ಲವಲ್ಲ. ಹಳೇಬೀಡಿನ ಈ ಜವಳಿ ವ್ಯಾಪಾರಿ ಶನಿವಾರ ಬಂತೆಂದರೆ ಹಾರನಹಳ್ಳಿಯಾಚೆಯ ಬೆಟ್ಟ ಹತ್ತಿ, ಕದವಾಗಲಿ ಕಾವಲಾಗಲಿ ಇಲ್ಲದ ಮಂಟಪದಲ್ಲಿ ರಾತ್ರಿ ತಂಗುತ್ತಾರೆ. ಯಾರೇ ಬರಲಿ, ‘ಗುಡಿಸಿದೀನಿ ಕಣ್ರೀ, ಚಪ್ಪಲಿ ಆಚೆ ಬಿಡಿ’ ಎನ್ನುತ್ತಾರೆ. ಅಲ್ಲಿಗೆ ಗಾಳಿಯೂ ಕಾಲು ಒರೆಸಿಕೊಂಡೇ ಬರಬೇಕು. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿದಿರುತ್ತದೆ. ಆದರೂ ಇನ್ನೊಂದು ಬುತ್ತಿ ಬಿಚ್ಚದೆ, ಲಾಟೀನನ್ನು ಮೆಟ್ಟಿಲಿಗೆ ಕಾಣುವಂತಿಟ್ಟು ಕಾಯುತ್ತಾರೆ. ‘ಉಂಡೋರಿಗೆ ಇನ್ನೊಂದ್ಯಾಕೆ ಸ್ವಾಮಿ?’ ಎಂದು ಜೊತೆಗೆ ತಂಗಿದ್ದ ರೈತ ಲಕ್ಕಪ್ಪ ಒಮ್ಮೆ ಕೆಣಕಿದ. ‘ಒಂದ್ಸಲ ಬೇಗ ಉಂಡು, ದೀಪ ಆರಿಸಿ ಮಲಗಿಬಿಟ್ಟೆ ಕಣಪ್ಪ. ಬೆಳಿಗ್ಗೆ ನೋಡಿದ್ರೆ ಹತ್ತು ಮೆಟ್ಲು ಕೆಳಗೆ ಒಬ್ಬ ಮುದುಕ ಹಸ್ಕೊಂಡು ನಡುಗ್ತಾ ಕೂತಿದ್ದ. ಮೇಲೆ ಯಾರೂ ಇಲ್ಲ ಅಂದ್ಕೊಂಡಿದ್ನಂತೆ.’ ನೀವೂ ಒಂದು ಶನಿವಾರ ಹತ್ತಿ ಹೋಗಿ ಅವರನ್ನು ನೋಡಿ. ಕತ್ತಲಾದರೂ ಆ ಬುತ್ತಿ ನಿಮ್ಮದೇ.